ಪ್ರತಿಜ್ಞೆಯಿಂದ ಮುದ್ರೆಯವರೆಗೆ: ಇಂಗ್ಲೆಂಡಿನ ವೆಜಿಟೇರಿಯನ್ ಸೊಸೈಟಿ

(ಉಪನ್ಯಾಸದ ಬರಹ ರೂಪ)

ಮಾನ್ಯ ಅಧ್ಯಕ್ಷರೇ, ಆತ್ಮೀಯ ಸಭಿಕರೇ,

ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವುದು ಇಂಗ್ಲೆಂಡಿನ ವೆಜಿಟೇರಿಯನ್ ಸೊಸೈಟಿಯ ಚರಿತ್ರೆ ಮತ್ತು ಕಾರ್ಯ. ಮಾಂಸವನ್ನು ಬಿಡಬೇಕೆಂದು ಹೇಳಿದವರು ಯುರೋಪಿನಲ್ಲಿ ಪೈಥಾಗೊರಸ್‌ನ ಕಾಲದಿಂದಲೂ ಇದ್ದರು. ಆದರೆ ಹಾಗೆ ಬಿಟ್ಟವನು ಮರುದಿನ ಬೆಳಿಗ್ಗೆ ಏನು ತಿನ್ನಬೇಕು, ಪರಊರಿಗೆ ಹೋದಾಗ ಎಲ್ಲಿ ಉಣ್ಣಬೇಕು, ಅಂಗಡಿಯಿಂದ ತಂದ ಪೊಟ್ಟಣದೊಳಗೆ ಏನಿದೆಯೆಂದು ಹೇಗೆ ತಿಳಿಯಬೇಕು ಎಂಬ ದಿನನಿತ್ಯದ ಪ್ರಶ್ನೆಗಳನ್ನು ಕೈಗೆತ್ತಿಕೊಂಡು, ಅವಕ್ಕೆ ಉತ್ತರ ಒದಗಿಸುವುದನ್ನೇ ಒಂದು ಸಂಸ್ಥೆಯ ಕೆಲಸವನ್ನಾಗಿ ಮಾಡಿ, 1847ರಿಂದ ಇಂದಿನವರೆಗೆ ನಡೆಸಿಕೊಂಡು ಬಂದದ್ದು ಈ ಸೊಸೈಟಿ. ಅದರ ಭಾಷಣಗಳಿಗಿಂತ, ಕರಪತ್ರಗಳಿಗಿಂತ ಈ ಊಟದ ವ್ಯವಸ್ಥೆಯೇ ಅದರ ದೊಡ್ಡ ಸಾಧನೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅದನ್ನು ನಿಮ್ಮ ಮುಂದೆ ಸಮರ್ಥಿಸಲು ಪ್ರಯತ್ನಿಸುತ್ತೇನೆ.

ಸೊಸೈಟಿಯ ಬೇರು ಇರುವುದು ಮ್ಯಾಂಚೆಸ್ಟರಿನ ಮಗ್ಗುಲಲ್ಲಿರುವ ಸಾಲ್ಫರ್ಡ್ ಎಂಬ ಗಿರಣಿ ಪಟ್ಟಣದಲ್ಲಿ. ಸ್ವೀಡನ್ನಿನ ಅಧ್ಯಾತ್ಮ ಚಿಂತಕ ಸ್ವೀಡನ್‌ಬೋರ್ಗ್‌ನ ಅನುಯಾಯಿಗಳ ಪಂಥದಲ್ಲಿ ಬೋಧಕರಾಗಿದ್ದ ವಿಲಿಯಂ ಕೌಹರ್ಡ್ ಎಂಬ ಪಾದ್ರಿಗಳು ಅದರಿಂದ ಹೊರಬಂದು 1809ರಲ್ಲಿ ಅಲ್ಲಿ ಬೈಬಲ್ ಕ್ರಿಶ್ಚಿಯನ್ ಚರ್ಚ್ ಎಂಬ ಸ್ವತಂತ್ರ ಸಭೆಯನ್ನು ಕಟ್ಟಿದರು. ಮಾಂಸವನ್ನೂ ಮದ್ಯವನ್ನೂ ಬಿಡುವುದು ಆ ಸಭೆಯ ನಿಯಮವಾಗಿತ್ತು. ಎರಡನ್ನೂ ಒಟ್ಟಿಗೆ ಬಿಡಬೇಕೆಂಬುದಕ್ಕೆ ಆ ಕಾಲದ ತರ್ಕವೊಂದಿತ್ತು: ಮಾಂಸ ರಕ್ತವನ್ನು ಕಾಯಿಸಿ ದೇಹವನ್ನು ಕೆರಳಿಸುತ್ತದೆ, ಕೆರಳಿದ ದೇಹ ಮದ್ಯವನ್ನು ಬೇಡುತ್ತದೆ ಎಂದು ಅನೇಕರು ನಂಬಿದ್ದರು. ಇಂದಿನ ಶರೀರಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಆದರೆ ಗಿರಣಿ ಕೂಲಿಯ ಬಹುಭಾಗ ಹೆಂಡದಂಗಡಿಗೆ ಹೋಗುತ್ತಿದ್ದ ಬೀದಿಗಳಲ್ಲಿ ಈ ಬೋಧನೆಗೆ ಕಿವಿಗೊಡುವವರು ಸಿಕ್ಕಿದ್ದರಲ್ಲಿ ಆಶ್ಚರ್ಯವಿಲ್ಲ. ಕೌಹರ್ಡ್ ಬೋಧನೆಗಷ್ಟೇ ನಿಲ್ಲಲಿಲ್ಲ. ಬಡವರಿಗೆ ಬಿಸಿ ತರಕಾರಿ ಸೂಪನ್ನೂ ವೈದ್ಯಕೀಯ ನೆರವನ್ನೂ ಉಚಿತವಾಗಿ ಕೊಟ್ಟರು. ಈ ಆಂದೋಲನದ ಮೊದಲ ಸಾರ್ವಜನಿಕ ಕೆಲಸ ಒಂದು ಬಟ್ಟಲು ಸೂಪಾಗಿತ್ತೆಂಬುದನ್ನು ನೀವು ಗಮನಿಸಬೇಕು.

ಕೌಹರ್ಡ್ 1816ರಲ್ಲಿ ತೀರಿಕೊಂಡರು. ಮರುವರ್ಷ ಅವರ ಶಿಷ್ಯ ವಿಲಿಯಂ ಮೆಟ್‌ಕಾಫ್ ಸುಮಾರು 40 ಮಂದಿಯನ್ನು ಕರೆದುಕೊಂಡು ಹಡಗಿನಲ್ಲಿ ಫಿಲಡೆಲ್ಫಿಯಾಕ್ಕೆ ಹೋಗಿ ಅಲ್ಲಿ ಈ ಪಂಥವನ್ನು ನೆಲೆಗೊಳಿಸಿದರು; 1850ರಲ್ಲಿ ಅಮೆರಿಕದ ಸಸ್ಯಾಹಾರಿ ಸಂಘ ಹುಟ್ಟಿದ್ದರ ಹಿಂದೆ ಅವರ ಶ್ರಮವೂ ಇದೆ. ಸಾಲ್ಫರ್ಡ್‌ನಲ್ಲಿ ಉಳಿದವರ ಪೈಕಿ ಪ್ರಮುಖರು ಜೋಸೆಫ್ ಬ್ರದರ್ಟನ್. ಹತ್ತಿ ಗಿರಣಿಯ ವ್ಯವಹಾರದಿಂದ ಎಳೆಯ ವಯಸ್ಸಿನಲ್ಲೇ ನಿವೃತ್ತರಾಗಿ ಚರ್ಚಿನ ಬೋಧಕರಾದ ಅವರು, 1832ರಲ್ಲಿ ಸಾಲ್ಫರ್ಡ್‌ನ ಮೊಟ್ಟಮೊದಲ ಪಾರ್ಲಿಮೆಂಟ್ ಸದಸ್ಯರಾಗಿ ಆಯ್ಕೆಯಾಗಿ, 1857ರಲ್ಲಿ ಸಾಯುವವರೆಗೂ ಆ ಸ್ಥಾನದಲ್ಲಿದ್ದರು. ಗಿರಣಿಗಳಲ್ಲಿ ದುಡಿಯುವ ಮಕ್ಕಳ ಕೆಲಸದ ಅವಧಿಯನ್ನು ಮಿತಗೊಳಿಸಬೇಕೆಂದು ವಾದಿಸಿದವರಲ್ಲಿ ಅವರೂ ಒಬ್ಬರು. ಅವರ ಪತ್ನಿ ಮಾರ್ಥಾ ಬ್ರದರ್ಟನ್ 1812ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕವನ್ನು ಸಸ್ಯಾಹಾರಕ್ಕೆಂದೇ ಬರೆದ ಮೊದಲ ಇಂಗ್ಲಿಷ್ ಪಾಕಪುಸ್ತಕವೆಂದು ಇತಿಹಾಸಕಾರರು ಗುರುತಿಸುತ್ತಾರೆ. ಸೊಸೈಟಿ ಹುಟ್ಟುವುದಕ್ಕೆ 35 ವರ್ಷ ಮೊದಲೇ ಒಬ್ಬ ಗೃಹಿಣಿ ಅದರ ಅತ್ಯಂತ ಉಪಯುಕ್ತ ಕೆಲಸವನ್ನು ಶುರುಮಾಡಿಯಾಗಿತ್ತು. ಸಂಘದ ಚರಿತ್ರೆ ಹೇಳುವವರು ಅಧ್ಯಕ್ಷರ ಹೆಸರುಗಳನ್ನು ಪಟ್ಟಿ ಮಾಡುವಾಗ ಮಾರ್ಥಾ ಅವರನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ.

ಎರಡನೆಯ ಮೂಲ ಲಂಡನ್ನಿನ ಸಮೀಪದ ಹ್ಯಾಮ್ ಕಾಮನ್‌ನಲ್ಲಿದ್ದ ಆಲ್ಕಾಟ್ ಹೌಸ್. ಜೇಮ್ಸ್ ಪಿಯರ್‌ಪಾಂಟ್ ಗ್ರೀವ್ಸ್ ಎಂಬ ಅಧ್ಯಾತ್ಮ ಚಿಂತಕರ ಪ್ರೇರಣೆಯಿಂದ 1838ರಲ್ಲಿ ಪ್ರಾರಂಭವಾದ ಈ ಶಾಲೆ ಮತ್ತು ಸಮುದಾಯ ಸರಳ ಬದುಕು, ತಣ್ಣೀರ ಸ್ನಾನ, ಬೇಯಿಸದ ಸಸ್ಯಾಹಾರ ಇವುಗಳನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿತ್ತು. ಸಾಲ್ಫರ್ಡ್‌ನವರು ಧರ್ಮದ ದಾರಿಯಿಂದ ಬಂದವರು, ಹ್ಯಾಮ್‌ನವರು ಆದರ್ಶ ಜೀವನದ ದಾರಿಯಿಂದ ಬಂದವರು. ಇವರಿಬ್ಬರ ಜೊತೆಗೆ ಪಾನನಿರೋಧದ ಕಾರ್ಯಕರ್ತರೂ ಸೇರಿದರು. 1847ರ ಜುಲೈಯಲ್ಲಿ ಆಲ್ಕಾಟ್ ಹೌಸ್‌ನಲ್ಲಿ ನಡೆದ ಸಮಾವೇಶದ ಮುಂದುವರಿಕೆಯಾಗಿ, ಅದೇ ವರ್ಷದ ಸೆಪ್ಟೆಂಬರ್ 30ರಂದು ಕೆಂಟ್ ಪ್ರಾಂತದ ರಾಮ್ಸ್‌ಗೇಟ್ ಎಂಬ ಕಡಲತೀರದ ಊರಿನಲ್ಲಿ, ನಾರ್ತ್‌ವುಡ್ ವಿಲ್ಲಾ ಎಂಬ ಜಲಚಿಕಿತ್ಸಾಲಯದಲ್ಲಿ ಸಭೆ ಸೇರಿತು. ಅಧ್ಯಕ್ಷತೆ ಬ್ರದರ್ಟನ್ ಅವರದು. ಅಲ್ಲಿ ವೆಜಿಟೇರಿಯನ್ ಸೊಸೈಟಿ ಸ್ಥಾಪನೆಯಾಯಿತು. ಲ್ಯಾಂಕಶೈರಿನ ಬಟ್ಟೆ ಅಚ್ಚು ಉದ್ಯಮದ ಮನೆತನದ ಜೇಮ್ಸ್ ಸಿಂಪ್ಸನ್ ಮೊದಲ ಅಧ್ಯಕ್ಷರಾದರು. ಚಿಕಿತ್ಸಾಲಯವನ್ನು ನಡೆಸುತ್ತಿದ್ದ ವಿಲಿಯಂ ಹಾರ್ಸೆಲ್ ಕಾರ್ಯದರ್ಶಿಯಾದರು. ಮರುವರ್ಷದ ವಾರ್ಷಿಕ ಸಭೆ ಮ್ಯಾಂಚೆಸ್ಟರಿನಲ್ಲಿ ನಡೆಯಿತು, ಮತ್ತು ಕ್ರಮೇಣ ಸಂಘದ ಕೇಂದ್ರವೂ ಆ ನಗರವೇ ಆಯಿತು.

ಆ ಮೊದಲ ದಿನಗಳ ಸದಸ್ಯತ್ವ ಒಂದು ಪ್ರತಿಜ್ಞೆಯ ರೂಪದಲ್ಲಿತ್ತು. ಸೇರಬಯಸುವವನು ತಾನು ಕನಿಷ್ಠ ಒಂದು ತಿಂಗಳಿನಿಂದ ಪ್ರಾಣಿಮಾಂಸವನ್ನು ಆಹಾರವಾಗಿ ಬಳಸಿಲ್ಲವೆಂದು ಬರೆದುಕೊಡಬೇಕಿತ್ತು. ಸಂಘ ತನ್ನ ಉದ್ದೇಶವನ್ನು ದೊಡ್ಡದಾಗಿಯೇ ಹೇಳಿಕೊಂಡಿತ್ತು: ಮಾಂಸತ್ಯಾಗದಿಂದ ಶರೀರಕ್ಕೆ, ಬುದ್ಧಿಗೆ, ನೀತಿಗೆ ಆಗುವ ಲಾಭವನ್ನು ಕರಪತ್ರ, ಪ್ರಬಂಧ, ಉಪನ್ಯಾಸಗಳಿಂದ ತಿಳಿಸುವುದು, ಆ ಮೂಲಕ ನಿಜವಾದ ನಾಗರಿಕತೆಗೂ ವಿಶ್ವಭ್ರಾತೃತ್ವಕ್ಕೂ ನೆರವಾಗುವುದು. 1849ರಿಂದ ಅದರ ಪತ್ರಿಕೆಯೂ ಹೊರಬರತೊಡಗಿತು. ಆದರೆ ಖರ್ಚಿನ ಬಹುಪಾಲು ಸಿಂಪ್ಸನ್ ಅವರ ಜೇಬಿನಿಂದಲೇ ಬರುತ್ತಿದ್ದ ಕಾರಣ, ಅವರು 1859ರಲ್ಲಿ ಐವತ್ತು ತುಂಬುವ ಮೊದಲೇ ತೀರಿಕೊಂಡಾಗ ಸಂಘ ಸೊರಗಿತು. ಒಬ್ಬ ದಾನಿಯ ಮೇಲೆ ನಿಂತ ಸಂಸ್ಥೆಗಳಿಗೆ ಎಲ್ಲೆಡೆ ಆಗುವುದು ಇದೇ.

ಸೊರಗುವುದಕ್ಕೆ ಹಣವೊಂದೇ ಕಾರಣವಾಗಿರಲಿಲ್ಲ. ಆ ಕಾಲದ ವಿಜ್ಞಾನವೂ ಸಂಘಕ್ಕೆ ಎದುರಾಗಿತ್ತು. ಜರ್ಮನಿಯ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಲೀಬಿಗ್ ಸ್ನಾಯುವಿನ ಬಲ ಪ್ರೋಟೀನಿನ ವ್ಯಯದಿಂದಲೇ ಬರುತ್ತದೆಂದು ಬೋಧಿಸಿದ್ದರು, ಹಾಗಾಗಿ ದುಡಿಯುವವನಿಗೆ ಮಾಂಸ ಬೇಕೇ ಬೇಕು ಎಂಬುದು ವೈದ್ಯರ ಸಾಮಾನ್ಯ ನಂಬಿಕೆಯಾಗಿತ್ತು. 1865ರಲ್ಲಿ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ವಿಜ್ಞಾನಿಗಳು ಪ್ರೋಟೀನಿಲ್ಲದ ಆಹಾರವನ್ನಷ್ಟೇ ತಿಂದು ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಶಿಖರವನ್ನು ಹತ್ತಿ, ತಮ್ಮ ಮೂತ್ರದಲ್ಲಿನ ಸಾರಜನಕವನ್ನು ಅಳೆದು, ಏರಿಕೆಗೆ ಬೇಕಾದ ಶಕ್ತಿಯನ್ನು ಪ್ರೋಟೀನಿನ ಲೆಕ್ಕದಿಂದ ವಿವರಿಸಲಾಗದೆಂದು ತೋರಿಸಿದರು. ಆ ಪ್ರಯೋಗ ಸಸ್ಯಾಹಾರಿಗಳಿಗಾಗಿ ಮಾಡಿದ್ದಲ್ಲ, ಆದರೂ ಅವರ ವಾದದ ಮೇಲಿದ್ದ ಒಂದು ದೊಡ್ಡ ಭಾರವನ್ನು ಅದು ಇಳಿಸಿತು. 1880ರಲ್ಲಿ ಅನ್ನಾ ಕಿಂಗ್ಸ್‌ಫರ್ಡ್ ಪ್ಯಾರಿಸ್ಸಿನಲ್ಲಿ ವೈದ್ಯಕೀಯ ಪದವಿ ಪಡೆದದ್ದು ಮನುಷ್ಯನ ಸಸ್ಯಾಹಾರದ ಮೇಲೆಯೇ ಪ್ರಬಂಧ ಬರೆದು.

1873ರಲ್ಲಿ ಅಧ್ಯಕ್ಷರಾದ ಫ್ರಾನ್ಸಿಸ್ ವಿಲಿಯಂ ನ್ಯೂಮನ್, ಕಾರ್ಡಿನಲ್ ನ್ಯೂಮನ್ ಅವರ ತಮ್ಮ, ಒಂದು ವ್ಯಾವಹಾರಿಕ ಬದಲಾವಣೆ ತಂದರು. ಪೂರ್ತಿ ಬಿಡಲಾಗದಿದ್ದರೂ ಸಂಘದ ಉದ್ದೇಶವನ್ನು ಬೆಂಬಲಿಸುವವರನ್ನು ಸಹಸದಸ್ಯರಾಗಿ ಸೇರಿಸಿಕೊಳ್ಳುವ ಪದ್ಧತಿ ಅವರ ಕಾಲದಲ್ಲಿ ಬಂತು. ಪ್ರತಿಜ್ಞೆಯ ಕಠಿಣತೆಯನ್ನು ಮೆಚ್ಚುವವರಿಗೆ ಇದು ಸಡಿಲಿಕೆಯಾಗಿ ಕಂಡಿರಬಹುದು. ನನಗೆ ಕಾಣುವಂತೆ ಸಂಘ ಸಣ್ಣ ಪಂಥವಾಗಿ ಉಳಿಯದೆ ಸಾರ್ವಜನಿಕ ಸಂಸ್ಥೆಯಾಗಲು ಬಾಗಿಲು ತೆರೆದದ್ದು ಇಲ್ಲಿಯೇ.

ಇನ್ನು ಲಂಡನ್ನಿಗೆ ಬರೋಣ. ಮ್ಯಾಂಚೆಸ್ಟರಿನ ಸಂಘದಿಂದ ಬೇರೆಯಾಗಿ 1888ರಲ್ಲಿ ಲಂಡನ್ ವೆಜಿಟೇರಿಯನ್ ಸೊಸೈಟಿ ರೂಪುಗೊಂಡಿತು. ಅದರ ಅಧ್ಯಕ್ಷ ಅರ್ನಾಲ್ಡ್ ಹಿಲ್ಸ್, ಥೇಮ್ಸ್ ನದಿಯ ದಡದ ಹಡಗು ಕಾರ್ಖಾನೆಯ ಒಡೆಯರು. ಅದೇ ವರ್ಷ ಕಾನೂನು ಓದಲು ಲಂಡನ್ನಿಗೆ ಬಂದವರು ಹತ್ತೊಂಬತ್ತರ ಹರೆಯದ ಮೋಹನದಾಸ ಗಾಂಧಿ. ಮಾಂಸ ಮುಟ್ಟುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟು ಬಂದಿದ್ದ ಆ ಹುಡುಗನಿಗೆ ಹೊಟ್ಟೆ ತುಂಬ ಊಟವೇ ಸಿಗುತ್ತಿರಲಿಲ್ಲ. ಮನೆಯೊಡತಿ ಬಡಿಸಿದ ಬೇಯಿಸಿದ ಸಪ್ಪೆ ತರಕಾರಿ ರುಚಿಸದು, ಇನ್ನೆರಡು ಚೂರು ರೊಟ್ಟಿ ಕೇಳಲು ನಾಚಿಕೆ. ಸಸ್ಯಾಹಾರದ ಹೋಟೆಲುಗಳಿವೆಯೆಂದು ಕೇಳಿ, ದಿನವೂ ಹತ್ತು ಹನ್ನೆರಡು ಮೈಲಿ ಬೀದಿ ಸುತ್ತಿ, ಯಾವುದೋ ಅಗ್ಗದ ಅಂಗಡಿಯಲ್ಲಿ ಬ್ರೆಡ್ಡು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರು. ಕೊನೆಗೊಂದು ದಿನ ಫ್ಯಾರಿಂಗ್ಡನ್ ಬೀದಿಯಲ್ಲಿ ಅಂಥ ಹೋಟೆಲೊಂದು ಕಣ್ಣಿಗೆ ಬಿತ್ತು. ಬೇಕೆನಿಸಿದ್ದು ಕೈಗೆ ಸಿಕ್ಕಾಗ ಮಗುವಿಗಾಗುವ ಸಂತೋಷ ತಮಗಾಯಿತೆಂದು ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಒಳಗೆ ಕಾಲಿಡುವ ಮೊದಲು ಬಾಗಿಲ ಬಳಿಯ ಗಾಜಿನ ಕಿಟಕಿಯಲ್ಲಿ ಮಾರಾಟಕ್ಕಿಟ್ಟಿದ್ದ ಪುಸ್ತಕಗಳು ಕಂಡವು. ಅವುಗಳಲ್ಲಿ ಹೆನ್ರಿ ಸಾಲ್ಟ್ ಅವರ ‘ಎ ಪ್ಲೀ ಫಾರ್ ವೆಜಿಟೇರಿಯನಿಸಂ’ ಅನ್ನು ಒಂದು ಶಿಲ್ಲಿಂಗ್ ಕೊಟ್ಟು ಕೊಂಡು, ನೇರವಾಗಿ ಊಟದ ಕೋಣೆಗೆ ಹೋದರು. ಇಂಗ್ಲೆಂಡಿಗೆ ಬಂದ ಮೇಲೆ ಮನದಣಿಯೆ ಉಂಡದ್ದು ಅದೇ ಮೊದಲು.

ಈ ಪ್ರಸಂಗದ ಮುಂದಿನ ಭಾಗ ನಮಗೆ ಇನ್ನೂ ಮುಖ್ಯವಾದದ್ದು. ಅಲ್ಲಿಯವರೆಗೆ ಅವರು ಮಾಂಸವನ್ನು ಬಿಟ್ಟಿದ್ದದ್ದು ಕೊಟ್ಟ ಮಾತಿಗಾಗಿ. ಭಾರತೀಯರೆಲ್ಲರೂ ಮಾಂಸ ತಿಂದು ಬಲಿಷ್ಠರಾಗಬೇಕು, ಮುಂದೊಂದು ದಿನ ತಾನೂ ಹಾಗೆಯೇ ತಿನ್ನಬೇಕು ಎಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು. ಸಾಲ್ಟ್ ಅವರ ಪುಸ್ತಕ ಓದಿದ ಮೇಲೆ ತಾನು ಸ್ವಂತ ಆಯ್ಕೆಯಿಂದ ಸಸ್ಯಾಹಾರಿಯಾದೆನೆಂದು ಅವರು ದಾಖಲಿಸಿದ್ದಾರೆ. ಹುಟ್ಟಿನಿಂದ ಬಂದ ಆಚಾರವನ್ನು ವಿಚಾರದಿಂದ ಒಪ್ಪಿಕೊಳ್ಳಲು ಒಬ್ಬ ಭಾರತೀಯನಿಗೆ ಸಾಧ್ಯವಾದದ್ದು ಒಂದು ಇಂಗ್ಲಿಷ್ ಆಂದೋಲನದಿಂದ; ಅದರಲ್ಲೂ ಆ ಆಂದೋಲನ ಊಟವನ್ನೂ ಪುಸ್ತಕವನ್ನೂ ಒಂದೇ ಬಾಗಿಲಲ್ಲಿ ಇಟ್ಟಿದ್ದರಿಂದ.

ಗಾಂಧಿ ಲಂಡನ್ ಸಂಘವನ್ನು ಸೇರಿ ಅದರ ಕಾರ್ಯಕಾರಿ ಸಮಿತಿಯ ಸದಸ್ಯರಾದರು. ತಾವಿದ್ದ ಬೇಸ್‌ವಾಟರ್ ಬಡಾವಣೆಯಲ್ಲಿ ಒಂದು ಚಿಕ್ಕ ಸಸ್ಯಾಹಾರಿ ಕ್ಲಬ್ಬನ್ನೂ ನಡೆಸಿದರು. ಜೋಸಯ್ಯ ಓಲ್ಡ್‌ಫೀಲ್ಡ್ ಅದರ ಅಧ್ಯಕ್ಷರು, ಸರ್ ಎಡ್ವಿನ್ ಆರ್ನಾಲ್ಡ್ ಉಪಾಧ್ಯಕ್ಷರು. 1891ರಲ್ಲಿ ಸಂಘದ ಪತ್ರಿಕೆಯಲ್ಲಿ ಭಾರತದ ಸಸ್ಯಾಹಾರಿಗಳ ಬಗ್ಗೆ ಲೇಖನಗಳನ್ನು ಬರೆದರು. ಆ ಸಮಿತಿಯಲ್ಲಿ ನಡೆದ ಒಂದು ಚರ್ಚೆಯನ್ನು ನಾನು ವಿಶೇಷವಾಗಿ ಹೇಳಬೇಕು. ಡಾಕ್ಟರ್ ಆಲಿನ್‌ಸನ್ ಎಂಬ ಸದಸ್ಯರು ಸಂತಾನ ನಿಯಂತ್ರಣವನ್ನು ಬಹಿರಂಗವಾಗಿ ಬೆಂಬಲಿಸಿದ್ದರು. ಇಡಿಗೋಧಿ ಬ್ರೆಡ್ಡಿಗೆ ಇಂದಿಗೂ ಇಂಗ್ಲೆಂಡಿನಲ್ಲಿ ಇವರದೇ ಹೆಸರಿದೆ. ಅವರ ಅಭಿಪ್ರಾಯ ನೀತಿಯ ಬುಡಕ್ಕೇ ಕೊಡಲಿ ಹಾಕುತ್ತದೆಂದು ಭಾವಿಸಿದ ಹಿಲ್ಸ್, ಆಲಿನ್‌ಸನ್ ಅವರನ್ನು ಸಂಘದಿಂದ ತೆಗೆಯಬೇಕೆಂದರು. ಸಂತಾನ ನಿಯಂತ್ರಣದ ವಿಷಯದಲ್ಲಿ ಗಾಂಧಿಯವರಿಗೂ ಹಿಲ್ಸ್ ಅವರ ಅಭಿಪ್ರಾಯವೇ ಹಿಡಿಸಿತ್ತು, ಹಿಲ್ಸ್ ಮೇಲೆ ಗೌರವವೂ ಇತ್ತು. ಆದರೂ ಸಂಘದ ಉದ್ದೇಶ ಸಸ್ಯಾಹಾರದ ಪ್ರಚಾರ ಮಾತ್ರ, ಯಾವುದೇ ನೀತಿಸಂಹಿತೆಯ ಪ್ರಚಾರವಲ್ಲ. ಆದ್ದರಿಂದ ಬೇರೆ ವಿಷಯದ ಅಭಿಪ್ರಾಯಕ್ಕಾಗಿ ಒಬ್ಬ ಸಸ್ಯಾಹಾರಿಯನ್ನು ಹೊರಹಾಕುವುದು ತಪ್ಪು ಎಂದು ಗಾಂಧಿ ವಾದಿಸಿದರು. ಮಾತನಾಡಲು ಧೈರ್ಯ ಸಾಲದೆ ಬರೆದು ತಂದಿದ್ದರು. ಓದಲೂ ಆಗದೆ ಇನ್ನೊಬ್ಬರು ಓದಬೇಕಾಯಿತು. ಮತಕ್ಕೆ ಹಾಕಿದಾಗ ಆ ಪಕ್ಷ ಸೋತಿತು. ಸೋತರೂ ಆ ವಾದವೇ ಸರಿಯೆಂದು ನನ್ನ ನಿಲುವು. ನೀತಿವಂತರ ಕೂಟವಾಗಲು ಹೊರಟ ಸಂಘ ಕಿರಿದಾಗುತ್ತಾ ಹೋಗುತ್ತದೆ. ಒಂದೇ ಕೆಲಸಕ್ಕೆ ಬದ್ಧವಾದ ಸಂಘಕ್ಕೆ ಎಲ್ಲ ಬಗೆಯ ಜನರೂ ಬರುತ್ತಾರೆ.

ಮುಂದೆ 1931ರ ನವೆಂಬರ್ 20ರಂದು, ದುಂಡುಮೇಜಿನ ಪರಿಷತ್ತಿಗೆ ಬಂದಿದ್ದಾಗ, ಅದೇ ಲಂಡನ್ ಸಂಘದಲ್ಲಿ ಗಾಂಧೀಜಿ ಮಾತನಾಡಿದರು. ವೇದಿಕೆಯಲ್ಲಿ ಪಕ್ಕದಲ್ಲಿದ್ದವರು ಎಂಬತ್ತರ ಮುದುಕರಾದ ಅದೇ ಹೆನ್ರಿ ಸಾಲ್ಟ್. ಆರೋಗ್ಯದ ಕಾರಣಕ್ಕಷ್ಟೇ ಮಾಂಸ ಬಿಟ್ಟವರಲ್ಲಿ ಹೆಚ್ಚಿನವರು ಮರಳಿ ಮಾಂಸಕ್ಕೆ ಹೋಗುತ್ತಾರೆ, ಉಳಿಯಬೇಕಾದರೆ ನೈತಿಕ ಆಧಾರ ಬೇಕು ಎಂಬುದು ಗಾಂಧೀಜಿಯವರ ಮಾತಿನ ತಿರುಳು. ಹಗಲಿರುಳೂ ಆಹಾರ ಮತ್ತು ರೋಗದ ಮಾತನ್ನೇ ಆಡುವ ಸಸ್ಯಾಹಾರಿಗಳನ್ನು ಅವರು ಅಂದು ಎಚ್ಚರಿಸಿದರು. ಮಾಂಸ ತಿನ್ನುವವರ ಬಗ್ಗೆ ಸಹನೆ ಇರಲಿ ಎಂದರು.

ಇನ್ನು ದತ್ತಿ ಸಂಸ್ಥೆ ಎಂಬ ಸ್ಥಾನದ ವಿಚಾರ. ಇದು ಒಣ ಕಾನೂನಿನ ಮಾತೆಂದು ತೋರಬಹುದು, ಆದರೆ ಸಂಘ ಯಾವ ಬಗೆಯ ಕೆಲಸ ಮಾಡಬಹುದೆಂಬುದನ್ನು ನಿರ್ಧರಿಸಿದ್ದೇ ಇದು. 1891ರ ಒಂದು ತೀರ್ಪಿನ ಪ್ರಕಾರ ದತ್ತಿಯ ಉದ್ದೇಶಗಳು ನಾಲ್ಕು: ಬಡತನ ನಿವಾರಣೆ, ಶಿಕ್ಷಣ, ಧರ್ಮ, ಮತ್ತು ಸಮುದಾಯಕ್ಕೆ ಹಿತವಾದ ಇತರ ಕಾರ್ಯಗಳು. ಸಸ್ಯಾಹಾರಿ ಸಂಘಗಳಿಗೆ ಉಯಿಲಿನಲ್ಲಿ ಬಿಟ್ಟ ಹಣ ಈ ಕೊನೆಯ ವರ್ಗಕ್ಕೆ ಸೇರುತ್ತದೆಯೇ ಎಂಬ ಪ್ರಶ್ನೆ ಐರ್ಲೆಂಡಿನ ಮೇಲ್ಮನವಿ ನ್ಯಾಯಾಲಯಕ್ಕೆ 1898ರಲ್ಲಿ ಬಂತು. ಡಬ್ಲಿನ್ ಮತ್ತು ಲಂಡನ್ ಸಂಘಗಳಿಗೆ ಕೊಟ್ಟ ಆ ದಾನ ದತ್ತಿಯೇ ಹೌದೆಂದು ನ್ಯಾಯಾಲಯ ಹೇಳಿತು. ಪರೋಪಕಾರದ ಭಾವನೆಯಿಂದ ಹೊರಟು, ಪ್ರಾಣಿಗಳೂ ಸೇರಿದಂತೆ ನಮ್ಮ ಸಹಜೀವಿಗಳ ಗಣನೀಯ ಸಮೂಹಕ್ಕೆ ಹಿತ ಬಯಸುವ ದಾನವನ್ನು ದತ್ತಿಯೆಂದು ಒಪ್ಪಬಹುದು ಎಂಬುದು ಅಲ್ಲಿನ ತರ್ಕ. ಮುಂದೆ 1947ರಲ್ಲಿ, ಪ್ರಾಣಿಗಳ ಮೇಲಿನ ಪ್ರಯೋಗವನ್ನು ವಿರೋಧಿಸುವ ಸಂಘವೊಂದರ ಮೊಕದ್ದಮೆಯಲ್ಲಿ, ಆಗ ಇಂಗ್ಲೆಂಡಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಹೆಚ್ಚು ಬಿಗಿಯಾದ ನಿಲುವು ತಾಳಿತು: ಸಾರ್ವಜನಿಕ ಹಿತವಿದೆಯೇ ಎಂಬುದನ್ನು ದಾನಿಯ ನಂಬಿಕೆಯಿಂದಲ್ಲ, ಪುರಾವೆಯಿಂದ ನ್ಯಾಯಾಲಯವೇ ತೀರ್ಮಾನಿಸಬೇಕು, ಕಾನೂನನ್ನು ಬದಲಿಸುವುದೇ ಮುಖ್ಯ ಗುರಿಯಾದ ಸಂಘ ದತ್ತಿಯಾಗದು. ವೆಜಿಟೇರಿಯನ್ ಸೊಸೈಟಿ ಮಾಂಸವನ್ನು ನಿಷೇಧಿಸಬೇಕೆಂದು ಕೇಳುವ ಸಂಸ್ಥೆಯಾಗಿರಲಿಲ್ಲ. ತಿಳಿವಳಿಕೆ, ಅಡುಗೆ, ಮನವೊಲಿಕೆ ಇವೇ ಅದರ ಸಾಧನಗಳು. ಅದರ ದತ್ತಿ ಸ್ಥಾನ ಭದ್ರವಾಗಿ ಉಳಿದದ್ದಕ್ಕೂ ಅದರ ಕೆಲಸ ಅಡುಗೆಮನೆಯತ್ತ ವಾಲಿದ್ದಕ್ಕೂ ಸಂಬಂಧವಿದೆಯೆಂದು ನಾನು ಭಾವಿಸುತ್ತೇನೆ.

ಎರಡನೆಯ ಮಹಾಯುದ್ಧದ ಪಡಿತರದ ಕಾಲದಲ್ಲಿ ಸಸ್ಯಾಹಾರಿ ಸಂಘಗಳು ಸರ್ಕಾರದ ಆಹಾರ ಸಚಿವಾಲಯದೊಡನೆ ವ್ಯವಹರಿಸಿದವು. ಸಸ್ಯಾಹಾರಿಯೆಂದು ನೋಂದಾಯಿಸಿಕೊಂಡವರು ಮಾಂಸದ ಕೂಪನ್ನುಗಳನ್ನು ಬಿಟ್ಟುಕೊಟ್ಟು, ಬದಲಿಗೆ ಹೆಚ್ಚಿನ ಚೀಸ್ ಪಡೆಯಬಹುದಾಗಿತ್ತು. ಒಂದು ರಾಷ್ಟ್ರ ಅನ್ನಕ್ಕೆ ಲೆಕ್ಕ ಹಾಕುತ್ತಿದ್ದ ದಿನಗಳಲ್ಲಿ ಸಸ್ಯಾಹಾರಿ ಎಂಬುದು ಸರ್ಕಾರದ ಕಡತದಲ್ಲಿ ಒಂದು ವರ್ಗವಾಗಿ ದಾಖಲಾದದ್ದು ಸಣ್ಣ ವಿಷಯವಲ್ಲ. ಆದರೆ ಹಾಗೆ ಸಿಕ್ಕ ಚೀಸಿನ ಬಹುಭಾಗ ರೆನೆಟ್‌ನಿಂದ, ಅಂದರೆ ಕೊಂದ ಎಳೆಗರುವಿನ ಹೊಟ್ಟೆಯಿಂದ ತೆಗೆದ ಕಿಣ್ವದಿಂದ, ಹೆಪ್ಪುಗಟ್ಟಿಸಿದ್ದಾಗಿತ್ತು.

ಹಾಲು, ಚೀಸಿನ ಕುರಿತು ಕೆಲವು ಸಸ್ಯಾಹಾರಿಗಳಲ್ಲಿದ್ದ ಅಸಮಾಧಾನ ಯುದ್ಧ ಮುಗಿಯುವ ಮೊದಲೇ ಸ್ಫೋಟಿಸಿತು. ಹಾಲಿಗಾಗಿ ಹಸುವನ್ನು ಮತ್ತೆ ಮತ್ತೆ ಈಯಿಸಬೇಕು, ಹುಟ್ಟಿದ ಗಂಡುಕರು ಕಸಾಯಿಖಾನೆಗೆ ಹೋಗುತ್ತದೆ. ಹಾಗಿರುವಾಗ ಹಾಲು ಕುಡಿದು ಮಾಂಸ ಬಿಡುವುದು ಅರ್ಧ ದಾರಿಯಷ್ಟೇ ಎಂದು ಲೆಸ್ಟರಿನ ಮರಗೆಲಸದ ಉಪಾಧ್ಯಾಯ ಡೊನಾಲ್ಡ್ ವಾಟ್ಸನ್ ಮತ್ತು ಅವರ ಸ್ನೇಹಿತರು ವಾದಿಸಿದರು. ಹಾಲನ್ನೂ ಬಿಟ್ಟವರಿಗಾಗಿ ಸೊಸೈಟಿಯ ಪತ್ರಿಕೆಯಲ್ಲಿ ಒಂದು ವಿಭಾಗ ಬೇಕೆಂದು ಅವರು ಕೇಳಿದಾಗ ಸಂಘ ನಿರಾಕರಿಸಿತು. 1944ರ ನವೆಂಬರಿನಲ್ಲಿ ಅವರು ಲಂಡನ್ನಿನಲ್ಲಿ ಸೇರಿ ವೀಗನ್, ಅಂದರೆ ಹಾಲು, ಮೊಟ್ಟೆಗಳನ್ನೂ ಬಿಟ್ಟವರ, ಸೊಸೈಟಿಯನ್ನು ಕಟ್ಟಿದರು. ಪತ್ರಿಕೆಯ ಕೆಲವು ಪುಟಗಳನ್ನು ಕೊಡಲು ಹಿಂಜರಿದದ್ದು ಸೊಸೈಟಿಯ ಚರಿತ್ರೆಯಲ್ಲಿ ಒಂದು ದೊಡ್ಡ ತಪ್ಪೆಂದು ನಾನು ಹೇಳಲೇಬೇಕು. ಆ ವಾದದಲ್ಲಿ ಉತ್ತರ ಬೇಡುವ ಸತ್ಯವಿತ್ತು.

1969ರಲ್ಲಿ ಮ್ಯಾಂಚೆಸ್ಟರ್ ಮತ್ತು ಲಂಡನ್ ಸಂಘಗಳು ಒಂದಾದವು. ಮ್ಯಾಂಚೆಸ್ಟರಿನ ದಕ್ಷಿಣಕ್ಕಿರುವ ಆಲ್ಟ್ರಿಂಗಂ ಪಟ್ಟಣದ ಪಾರ್ಕ್‌ಡೇಲ್ ಎಂಬ ಮನೆ ಅವುಗಳ ಕೇಂದ್ರವಾಯಿತು. 1982ರಲ್ಲಿ ಕಾರ್ಡನ್ ವೆರ್ ಎಂಬ ಪಾಕಶಾಲೆ ಆರಂಭವಾಗಿ, ಮನೆಯ ಅಡುಗೆಯವರಿಂದ ಹಿಡಿದು ಹೋಟೆಲಿನ ಬಾಣಸಿಗರವರೆಗೆ ತರಬೇತಿ ಕೊಡತೊಡಗಿತು. ಹೋಟೆಲಿನ ಬಾಣಸಿಗನಿಗೆ ತರಬೇತಿ ಕೊಡುವುದು ಏಕೆ ಮುಖ್ಯವೆಂದರೆ, ಮಾಂಸದ ತುಂಡನ್ನು ತೆಗೆದು ಉಳಿದದ್ದನ್ನು ಬಡಿಸಿದರೆ ಅದು ಊಟವಾಗುವುದಿಲ್ಲ. ಕಾಳು, ಅಣಬೆ, ಕಾಯಿಪಲ್ಲೆಗಳಿಂದಲೇ ತುಂಬಿದ ತಟ್ಟೆಯನ್ನು ಕಲ್ಪಿಸಿಕೊಳ್ಳಲು ಕಲಿಯಬೇಕಾಗುತ್ತದೆ. ಪ್ರತಿವರ್ಷ ಮೇ ತಿಂಗಳಲ್ಲಿ ನಡೆಯುವ ರಾಷ್ಟ್ರೀಯ ಸಸ್ಯಾಹಾರ ಸಪ್ತಾಹವೂ ಈ ಸಂಘದ್ದೇ.

ಆದರೆ ಸಂಘದ ಇಂದಿನ ಕೆಲಸದ ತಿರುಳು ಅದರ ಮುದ್ರೆಯಲ್ಲಿದೆ. ಮೊಳಕೆಯ ಆಕಾರದ ‘ವಿ’ ಚಿಹ್ನೆಯನ್ನು 1986ರಿಂದ ಆಹಾರ ಪದಾರ್ಥಗಳ ಪೊಟ್ಟಣಗಳ ಮೇಲೆ ಬಳಸಲು ಸಂಘ ಪರವಾನಗಿ ಕೊಡುತ್ತಿದೆ. ಈ ಮುದ್ರೆ ಏಕೆ ಬೇಕಾಯಿತೆಂದು ತಿಳಿಯಲು ಇಂಗ್ಲೆಂಡಿನ ಅಂಗಡಿಯ ಸಾಲುಗಳನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಮಕ್ಕಳು ತಿನ್ನುವ ಜೆಲ್ಲಿ ಮಿಠಾಯಿಯಲ್ಲಿ ಜೆಲಾಟಿನ್ ಇರುತ್ತದೆ. ಅದು ಹಂದಿ ದನಗಳ ಚರ್ಮ, ಮೂಳೆಗಳನ್ನು ಕುದಿಸಿ ತೆಗೆದದ್ದು. ಸ್ಟ್ರಾಬೆರಿ ಮೊಸರಿನ ಗುಲಾಬಿ ಬಣ್ಣ ಹಲವು ಸಲ ಕೊಚಿನಿಯಲ್ ಎಂಬ ಕೀಟವನ್ನು ಒಣಗಿಸಿ ಅರೆದು ಮಾಡಿದ ಕಾರ್ಮೈನ್. ಪೊಟ್ಟಣದ ಮೇಲೆ ಅದು ಇ120 ಎಂಬ ಸಂಖ್ಯೆಯಾಗಿ ಕಾಣಬಹುದು. ವೂಸ್ಟರ್ ಸಾಸಿನಲ್ಲಿ ಆಂಚೊವಿ ಮೀನು. ಬಿಯರನ್ನು ತಿಳಿಗೊಳಿಸಲು ಬಳಸುತ್ತಿದ್ದ ಐಸಿಂಗ್ಲಾಸ್ ಮೀನಿನ ಗಾಳಿಚೀಲದಿಂದ ಬಂದದ್ದು. ಕ್ರಿಸ್‌ಮಸ್ ಪುಡಿಂಗಿನಲ್ಲಿ ಸಾಂಪ್ರದಾಯಿಕವಾಗಿ ದನದ ಕೊಬ್ಬು. ಪಾರ್ಮಿಜಾನೊ ರೆಜಿಯಾನೊ ಚೀಸನ್ನು ಅದರ ನಿಯಮದ ಪ್ರಕಾರ ಕರುವಿನ ರೆನೆಟ್‌ನಿಂದಲೇ ಮಾಡಬೇಕು. ಉತ್ತರ ಇಂಗ್ಲೆಂಡಿನ ಹಲವು ಅಂಗಡಿಗಳಲ್ಲಿ ಆಲೂಗಡ್ಡೆ ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಣ್ಣೆಯಲ್ಲಿ ಕರಿದರೂ ಮೀನು ಕರಿದ ಎಣ್ಣೆಯೇ ಆಗಿರಬಹುದು. ಇವುಗಳಲ್ಲಿ ಯಾವುದೂ ಕಣ್ಣಿಗೆ ಮಾಂಸವಾಗಿ ಕಾಣುವುದಿಲ್ಲ. ಬರಿಯ ಪ್ರತಿಜ್ಞೆ ಮಾಡಿದವನು ಇಷ್ಟನ್ನೂ ಒಬ್ಬನೇ ಪತ್ತೆಹಚ್ಚಲು ಸಾಧ್ಯವೇ?

ಸಂಘ ಆ ಹೊಣೆಯನ್ನು ತಾನು ಹೊತ್ತುಕೊಂಡಿತು. ಮುದ್ರೆ ಬೇಕಾದ ತಯಾರಕರು ಪ್ರತಿಯೊಂದು ಘಟಕದ ಮೂಲವನ್ನು ತಿಳಿಸಬೇಕು. ಮಾಂಸ, ಮೀನು, ಜೆಲಾಟಿನ್, ಪ್ರಾಣಿಗಳ ರೆನೆಟ್, ಕಾರ್ಮೈನ್ ಇರಕೂಡದು. ಮೊಟ್ಟೆ ಬಳಸಿದರೆ ಅದು ಗೂಡಿನಲ್ಲಿ ಕೂಡಿಹಾಕದೆ ಬಯಲಿಗೆ ಬಿಟ್ಟು ಸಾಕಿದ ಕೋಳಿಯದಾಗಿರಬೇಕು. ಪದಾರ್ಥವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿರಬಾರದು. ತಯಾರಿಕೆಯ ವೇಳೆ ಮಾಂಸದ ಸಂಪರ್ಕ ತಾಗದಂತೆ ಎಚ್ಚರ ವಹಿಸಬೇಕು. ಪರವಾನಗಿ ಶುಲ್ಕ ಸಂಘದ ದತ್ತಿ ಕಾರ್ಯಕ್ಕೆ ಹೋಗುತ್ತದೆ. ಸಿಂಪ್ಸನ್ ಅವರ ಕಾಲದಲ್ಲಿ ಒಬ್ಬ ದಾನಿಯ ಜೇಬನ್ನು ನಂಬಿದ್ದ ಸಂಘ ಈಗ ತನ್ನ ಕೆಲಸದಿಂದಲೇ ಒಂದಿಷ್ಟು ಆದಾಯ ಪಡೆಯುತ್ತದೆ. ಚೀಸಿನ ವಿಷಯದಲ್ಲಿ ವಿಜ್ಞಾನವೂ ನೆರವಾಯಿತು. 1990ರ ದಶಕದಿಂದ ಸೂಕ್ಷ್ಮಜೀವಿಗಳಿಂದ ತಯಾರಿಸಿದ ಕೈಮೋಸಿನ್, ಅಂದರೆ ರೆನೆಟ್‌ನಲ್ಲಿ ಹಾಲನ್ನು ಹೆಪ್ಪುಗಟ್ಟಿಸುವ ಅದೇ ಕಿಣ್ವ, ಬಂದು, ಬ್ರಿಟನ್ನಿನ ಚೆಡ್ಡರ್ ಚೀಸಿನ ಬಹುಪಾಲು ಕರುವಿನ ಹೊಟ್ಟೆಯ ಹಂಗಿನಿಂದ ಹೊರಬಂತು.

ಮುದ್ರೆಯ ಹಿಂದಿನ ಈ ಸೂಕ್ಷ್ಮ ಪರಿಶೀಲನೆಗೆ ಸಾರ್ವಜನಿಕ ಬಲ ಎಷ್ಟಿತ್ತೆಂಬುದು 2007ರ ಮೇ ತಿಂಗಳಲ್ಲಿ ಗೊತ್ತಾಯಿತು. ಮಾರ್ಸ್ ಕಂಪನಿಯ ಬ್ರಿಟಿಷ್ ಶಾಖೆ ತನ್ನ ಚಾಕೊಲೇಟುಗಳಲ್ಲಿ ಇನ್ನು ಮುಂದೆ ಕರುವಿನ ರೆನೆಟ್ ಬಳಸಿ ಚೀಸ್ ಮಾಡುವಾಗ ಉಳಿಯುವ ಹಾಲೊಡಕನ್ನು ಬಳಸುವುದಾಗಿ ಪ್ರಕಟಿಸಿತು. ಸಂಘ ಇದನ್ನು ವಿರೋಧಿಸಿತು. ಸುಮಾರು ಒಂದು ವಾರದಲ್ಲಿ 6,000ಕ್ಕೂ ಹೆಚ್ಚು ಮಂದಿ ದೂರಿದರು. ಕಂಪನಿ ತಪ್ಪಾಯಿತೆಂದು ಒಪ್ಪಿ ನಿರ್ಧಾರವನ್ನು ಹಿಂತೆಗೆದುಕೊಂಡಿತು. ಅದಕ್ಕೆ ಒಂದು ವರ್ಷ ಮುಂಚೆ, 2006ರಲ್ಲಿ, ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಪೊಟ್ಟಣಗಳ ಮೇಲೆ ಸಸ್ಯಾಹಾರಿ, ವೀಗನ್ ಎಂದು ಬರೆಯುವ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು. ಅದು ಮಾರ್ಗಸೂಚಿ ಮಾತ್ರ, ಕಾನೂನಿನ ವ್ಯಾಖ್ಯೆಯಲ್ಲ; ಆದ್ದರಿಂದ ಸಂಘದ ಮುದ್ರೆಯ ಅಗತ್ಯ ಕಡಿಮೆಯಾಗಲಿಲ್ಲ.

ಆರೋಗ್ಯದ ವಾದದ ಬಗ್ಗೆ ಪ್ರಾಮಾಣಿಕವಾಗಿ ಒಂದೆರಡು ಮಾತು. 1990ರ ದಶಕದಲ್ಲಿ ಆರಂಭವಾದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನಕ್ಕೆ ಸೊಸೈಟಿಯ ಸದಸ್ಯರೂ ಅಂಚೆಯ ಮೂಲಕ ಪ್ರಶ್ನಾವಳಿ ತುಂಬಿ ಕಳುಹಿಸಿದರು. ಒಟ್ಟು 65,000 ಜನರಷ್ಟು ದೊಡ್ಡ ಸಮೂಹವದು. 2019ರಲ್ಲಿ ಅದರಿಂದ ಪ್ರಕಟವಾದ ವಿಶ್ಲೇಷಣೆಯಲ್ಲಿ ಸಸ್ಯಾಹಾರಿಗಳಲ್ಲಿ ಹೃದಯಾಘಾತದಂಥ ಹೃದ್ರೋಗ ಮಾಂಸಾಹಾರಿಗಳಿಗಿಂತ ಸುಮಾರು ಶೇಕಡ 22ರಷ್ಟು ಕಡಿಮೆ, ಆದರೆ ಪಾರ್ಶ್ವವಾಯು ಸುಮಾರು ಶೇಕಡ 20ರಷ್ಟು ಹೆಚ್ಚು ಎಂದು ಕಂಡುಬಂತು. ಬಿ12 ಜೀವಸತ್ವದ ಕೊರತೆಯ ಎಚ್ಚರವೂ ಬೇಕೇ ಬೇಕು. ಮೊದಲ ತಲೆಮಾರಿನವರು ಮಾಂಸತ್ಯಾಗ ಸರ್ವರೋಗಕ್ಕೂ ಮದ್ದೆಂದು ಬರೆದದ್ದುಂಟು. ಅಂಥ ಉತ್ಪ್ರೇಕ್ಷೆಯಿಂದ ಆಂದೋಲನಕ್ಕೆ ಲಾಭವಾಗಲಿಲ್ಲ. ತನ್ನ ಸದಸ್ಯರನ್ನೇ ಅಧ್ಯಯನಕ್ಕೆ ಒಡ್ಡಿ, ಬಂದ ಫಲಿತಾಂಶ ಅನುಕೂಲವಿರಲಿ ಇಲ್ಲದಿರಲಿ ಜಗತ್ತಿಗೆ ಸಿಗುವಂತೆ ಮಾಡಿದ್ದು ಇಂಥ ಸಂಘಕ್ಕೆ ಗೌರವ ತರುವ ಕೆಲಸ.

ಕೊನೆಯದಾಗಿ, ಇನ್ನೂ ಬಗೆಹರಿಯದ ಒಂದು ವಿಷಯ. 1944ರಲ್ಲಿ ವಾಟ್ಸನ್ ಎತ್ತಿದ ಪ್ರಶ್ನೆಗೆ ಸೊಸೈಟಿ ನಿಧಾನವಾಗಿ ಬಾಗಿಲು ತೆರೆದಿದೆ. ಇಂದು ಅದು ಸಸ್ಯಾಹಾರಿ ಮುದ್ರೆಯ ಜೊತೆಗೆ ವೀಗನ್ ಮುದ್ರೆಯನ್ನೂ ಕೊಡುತ್ತದೆ. ಆದರೆ ಸಸ್ಯಾಹಾರಿ ಮುದ್ರೆಯ ಅಡಿಯಲ್ಲಿ ಬರುವ ಮೊಟ್ಟೆಯ ಪ್ರಶ್ನೆ ಹಾಗೆಯೇ ಉಳಿದಿದೆ. ಮೊಟ್ಟೆಗೆಂದು ಬೆಳೆಸಿದ ತಳಿಯ ಗಂಡುಮರಿಗಳು ಮೊಟ್ಟೆಯನ್ನೂ ಇಡುವುದಿಲ್ಲ, ಮಾಂಸಕ್ಕೂ ಲಾಭದಾಯಕವಲ್ಲ. ಹಾಗಾಗಿ ಬಯಲಿಗೆ ಬಿಟ್ಟು ಸಾಕುವ ಉದ್ಯಮದಲ್ಲೂ ಅವುಗಳನ್ನು ಹುಟ್ಟಿದ ದಿನವೇ ಕೊಲ್ಲುವ ಪದ್ಧತಿ ಇದೆ. ಮರಿ ಹೊರಬರುವ ಮುನ್ನವೇ ಮೊಟ್ಟೆಯೊಳಗೆ ಗಂಡೋ ಹೆಣ್ಣೋ ಎಂದು ಪತ್ತೆಮಾಡುವ ತಂತ್ರಜ್ಞಾನ ಈಗ ಬಳಕೆಯಲ್ಲಿದೆ, ಮತ್ತು 2022ರ ಆರಂಭದಿಂದ ಜರ್ಮನಿ ಗಂಡುಮರಿಗಳ ಈ ಹತ್ಯೆಯನ್ನು ನಿಷೇಧಿಸಿದೆ. ಕಾನೂನಿಗೆ ಕಾಯದೆ, ಈ ತಂತ್ರಜ್ಞಾನ ಬಳಸುವ ಮರಿ ಮಾಡಿಸುವ ಕೇಂದ್ರಗಳಿಂದ ಬಂದ ಕೋಳಿಗಳ ಮೊಟ್ಟೆಗೆ ಮಾತ್ರ ತನ್ನ ಮುದ್ರೆಯೆಂದು ಸೊಸೈಟಿ ನಿಯಮ ಮಾಡಬೇಕು. ತಯಾರಕರು ಮೊದಲು ಗೊಣಗಬಹುದು, ಕೆಲವು ಪರವಾನಗಿಗಳು ಕೈತಪ್ಪಲೂಬಹುದು. ರೆನೆಟ್ ವಿಷಯದಲ್ಲಿ ಅಷ್ಟು ಬಿಗಿಯಾಗಿ ನಿಂತ ಸಂಸ್ಥೆಗೆ ಇದು ಮೀರಿದ ಕೆಲಸವೆಂದು ನನಗನಿಸುವುದಿಲ್ಲ.